ಗ್ಯಾಸ್ ಇತ್ತು, ಕ್ಲಚ್ ಹಿಡಿಯುತ್ತಿರಲಿಲ್ಲ

ಕಾರಿನ ಎಸಿ ತಣ್ಣಗಾಗುತ್ತಿಲ್ಲ ಎಂದು ಗ್ಯಾರೇಜಿಗೆ ಹೋದರೆ ಬಾನೆಟ್ ಎತ್ತುವ ಮೊದಲೇ ಉತ್ತರ ಸಿದ್ಧವಾಗಿರುತ್ತದೆ: "ಗ್ಯಾಸ್ ಖಾಲಿ ಆಗೈತಿ ಸಾರ್, ಹಾಕ್ಸಿಬಿಡ್ರಿ." ಆದರೆ ಎಸಿಯ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ. ರಬ್ಬರ್ ಕೊಳವೆ, ಸೀಲುಗಳ ಮೂಲಕ ವರ್ಷಗಳಲ್ಲಿ ಅಷ್ಟಿಷ್ಟು ಜಿನುಗುವುದುಂಟು. ಅದಕ್ಕಿಂತ ಬೇಗ ಕಡಿಮೆಯಾಯಿತು ಎಂದರೆ ಎಲ್ಲೋ ಸೋರುತ್ತಿದೆ. ಆ ಜಾಗ ಹುಡುಕದೆ ಮೇಲಿಂದ ತುಂಬಿಸಿದರೆ ಹೊಸ ಗ್ಯಾಸೂ ಅದೇ ದಾರಿ ಹಿಡಿಯುತ್ತದೆ. ಇನ್ನು ಗ್ಯಾಸ್ ಸರಿಯಾಗಿಯೇ ಇದ್ದು ಬೇರೇನೋ ಕೆಟ್ಟಿದ್ದರೆ, ಹೆಚ್ಚು ತುಂಬಿಸಿದ ಗ್ಯಾಸ್ ಅದನ್ನು ಒತ್ತಿ ಓಡಿಸುವ ಕಂಪ್ರೆಸರಿಗೇ ಹೊರೆ.

ನಮ್ಮದು ಬಳ್ಳಾರಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಅಮ್ಮನನ್ನು ಆಗಾಗ ಹೊಸಪೇಟೆಗೆ ತೋರಿಸಲು ಕರೆದೊಯ್ಯಬೇಕಿತ್ತು. ಹತ್ತು ವರ್ಷ ದಾಟಿದ ನಮ್ಮ ಸಣ್ಣ ಕಾರಿನಲ್ಲಿ ಹೊರಟಾಗ ಎಸಿ ಚೆನ್ನಾಗಿಯೇ ತಣ್ಣಗೆ ಬೀಸುತ್ತಿತ್ತು. ಕುಡುತಿನಿ ದಾಟಿ ತೋರಣಗಲ್ಲಿನ ಕಡೆ ಹೋಗುವಷ್ಟರಲ್ಲಿ ಗಾಳಿ ಉಗುರು ಬೆಚ್ಚಗಾಗಿ, ಆಮೇಲೆ ಬಿಸಿ. ಅದಿರು ಲಾರಿಗಳ ಧೂಳಿಗೆ ಕಿಟಕಿ ಇಳಿಸುವ ಹಾಗೂ ಇಲ್ಲ. ಉಸಿರಾಟದ ತೊಂದರೆ ಇರುವ ಎಪ್ಪತ್ತು ದಾಟಿದ ಜೀವವನ್ನು ಹಾಗೆ ಕೂರಿಸಿಕೊಂಡು ಹೋಗುವುದು ನನ್ನಿಂದ ಆಗಲಿಲ್ಲ.

ಒಂದು ಗ್ಯಾರೇಜಿನಲ್ಲಿ ಗ್ಯಾಸ್ ಎಂದರು. ಇನ್ನೊಂದರಲ್ಲಿ ಕಂಪ್ರೆಸರ್ ಹೋಗಿದೆ, ಹದಿನೈದು ಸಾವಿರದ ಮೇಲಾಗುತ್ತದೆ ಎಂದರು. ಇಬ್ಬರೂ ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಾಕಿ ನೋಡಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು. ಅಳತೆ ಇಲ್ಲದ ಉತ್ತರಕ್ಕೆ ದುಡ್ಡು ಕೊಡಲು ಮನಸ್ಸು ಒಪ್ಪಲಿಲ್ಲ. ಬೇಸಿಗೆ ರಜೆ ಶುರುವಾಗಿತ್ತು. ಮನೆಯ ಮುಂದೆ ಬೇವಿನ ಮರದ ನೆರಳಿತ್ತು. ನಮ್ಮ ಓಣಿಯಲ್ಲೇ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಗಾಡಿಗಳ ಎಲೆಕ್ಟ್ರಿಕ್ ಕೆಲಸ ಮಾಡಿದ ಚಾಚಾ ಇದ್ದರು. ಅವರನ್ನು ಕೇಳಿದಾಗ ಮೊದಲು ಹೇಳಿದ್ದು, "ಗೇಜ್ ಹಾಕೋತನಕ ಗ್ಯಾಸ್ ಮಾತು ಆಡಬ್ಯಾಡ್ರಿ ಮೇಷ್ಟ್ರೇ. ಮೊದ್ಲು ಕಣ್ಣಿಗೆ ಕಾಣೋದು ನೋಡ್ರಿ."

ಕಣ್ಣಿಗೆ ಕಾಣುವುದರಿಂದಲೇ ಶುರುಮಾಡಿದೆ. ಗ್ಲೋವ್ ಬಾಕ್ಸ್ ಬಿಚ್ಚಿದರೆ ಹಿಂದೆ ಕ್ಯಾಬಿನ್ ಫಿಲ್ಟರ್. ಬಿಳಿ ಇರಬೇಕಾದದ್ದು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಹೊಸದು ಹಾಕಿದ ಮೇಲೆ ಗಾಳಿಯ ರಭಸ ಹೆಚ್ಚಿತು, ರೋಗ ಮಾತ್ರ ಹಾಗೇ ಉಳಿಯಿತು. ಮುಂದಿನ ಗ್ರಿಲ್ಲಿನ ಹಿಂದೆ, ಗ್ಯಾಸಿನ ಕಾವನ್ನು ಹೊರಗಿನ ಗಾಳಿಗೆ ಬಿಡುವ ಕಂಡೆನ್ಸರಿನ ರೆಕ್ಕೆಗಳ ಸಂದಿಯಲ್ಲೂ ಕೆಂಧೂಳು ಮೆತ್ತಿಕೊಂಡಿತ್ತು. ಇಂಜಿನ್ ಆರಿದ ಮೇಲೆ ತೋಟದ ಪೈಪಿನಿಂದ ಮೆಲ್ಲಗೆ ನೀರು ಬಿಟ್ಟು ತೊಳೆದೆ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಇದಕ್ಕೆ ಬೇಡ. ಅಲ್ಯುಮಿನಿಯಂ ರೆಕ್ಕೆಗಳು ತೆಳ್ಳಗಿರುತ್ತವೆ, ಮಡಚಿ ಮಲಗಿಬಿಟ್ಟರೆ ಆ ಜಾಗದಲ್ಲಿ ಗಾಳಿ ಆಡುವುದೇ ಇಲ್ಲ. ಎಸಿ ಹಾಕಿದ ತಕ್ಷಣ ಕಂಡೆನ್ಸರ್ ಫ್ಯಾನ್ ತಿರುಗುತ್ತಿದೆಯೇ ಎಂದೂ ನೋಡಿಕೊಂಡೆ. ತಿರುಗುತ್ತಿತ್ತು.

ಸೋರಿಕೆ ಹುಡುಕುವುದಕ್ಕೆ ನಮ್ಮೂರಿನ ಧೂಳು ಒಂದು ವಿಚಿತ್ರ ಉಪಕಾರ ಮಾಡುತ್ತದೆ. ಕಂಪ್ರೆಸರಿಗೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಯಲ್ಲೇ ಕೊಳವೆಗಳಲ್ಲಿ ಓಡಾಡುತ್ತದೆ. ಗ್ಯಾಸ್ ಎಲ್ಲಿ ಸೋರುತ್ತದೋ ಅಲ್ಲಿ ಸ್ವಲ್ಪ ಎಣ್ಣೆಯೂ ಜಿನುಗುತ್ತದೆ. ಒಣಗಿದ ಕಡೆ ಕೆಂಧೂಳು ಊದಿದರೆ ಹಾರಿಹೋಗುತ್ತದೆ, ಎಣ್ಣೆ ಇದ್ದ ಕಡೆ ಕಪ್ಪು ಕೆಸರಾಗಿ ಅಂಟಿ ಕೂರುತ್ತದೆ. ಟಾರ್ಚ್ ಹಿಡಿದು ಪ್ರತಿ ಜಾಯಿಂಟ್, ಸರ್ವಿಸ್ ವಾಲ್ವಿನ ಮುಚ್ಚಳ, ಕಂಪ್ರೆಸರಿನ ಮುಂಭಾಗ, ಕಂಡೆನ್ಸರಿನ ಮೂಲೆಗಳನ್ನು ನೋಡಿದೆ. ಎಲ್ಲೂ ಅಂಥ ಕಲೆ ಇರಲಿಲ್ಲ. ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿದರೂ ಗುಳ್ಳೆ ಏಳಲಿಲ್ಲ. ಗಾಳಿಯನ್ನು ತಂಪು ಮಾಡುವ ಕೂಲಿಂಗ್ ಕಾಯಿಲ್ ಡ್ಯಾಶ್‌ಬೋರ್ಡಿನ ಒಳಗಿರುವುದರಿಂದ ಅದನ್ನು ಹೀಗೆ ನೋಡಲಾಗುವುದಿಲ್ಲ. ಆದ್ದರಿಂದ ಇಷ್ಟಕ್ಕೇ ಗ್ಯಾಸ್ ಸರಿಯಿದೆ ಎಂದು ತೀರ್ಮಾನಿಸುವಂತಿರಲಿಲ್ಲ.

ಚಾಚಾ ತಮ್ಮ ಮ್ಯಾನಿಫೋಲ್ಡ್ ಗೇಜ್ ಕೊಟ್ಟರು. ನೀಲಿ ಮೀಟರು ಕಡಿಮೆ ಒತ್ತಡದ ಕಡೆಗೆ, ಕೆಂಪು ಮೀಟರು ಹೆಚ್ಚು ಒತ್ತಡದ ಕಡೆಗೆ. ಕನ್ನಡಕ, ಕೈಗವಸು ಹಾಕಿಕೊಳ್ಳದೆ ಇದನ್ನು ಜೋಡಿಸಬಾರದು. ಆರ್-134ಎ ಎಂಬ ಈ ಗ್ಯಾಸ್ ಬಯಲಿನ ಒತ್ತಡದಲ್ಲಿ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಚಿಮ್ಮಿ ಕಣ್ಣಿಗೋ ಚರ್ಮಕ್ಕೋ ಬಿದ್ದರೆ ಆ ಜಾಗ ಹೆಪ್ಪುಗಟ್ಟಿ ಗಾಯವಾಗುತ್ತದೆ. ಎರಡು ಮೆದುಗೊಳವೆಗಳ ಕಪ್ಲರ್ ಬೇರೆ ಬೇರೆ ಅಳತೆಯವು, ಹಾಗಾಗಿ ಅದಲು ಬದಲಾಗುವ ಭಯವಿಲ್ಲ. ಮ್ಯಾನಿಫೋಲ್ಡಿನ ಎರಡೂ ತಿರುಪುಗಳು ಮಾತ್ರ ಪೂರ್ತಿ ಮುಚ್ಚಿರಬೇಕು. ನಾವು ನೋಡುವುದಷ್ಟೇ, ತುಂಬುವುದೂ ಇಲ್ಲ, ಬಿಡುವುದೂ ಇಲ್ಲ.

ಬೆಳಿಗ್ಗೆ ಇಂಜಿನ್ ಶುರು ಮಾಡುವ ಮೊದಲು ಎರಡೂ ಮುಳ್ಳುಗಳು 95 ಪಿಎಸ್‌ಐ (ಒತ್ತಡದ ಅಳತೆ) ಆಸುಪಾಸಿನಲ್ಲಿ ನಿಂತಿದ್ದವು. ನೆರಳಿನಲ್ಲಿ ಆಗ ಸುಮಾರು 30 ಡಿಗ್ರಿ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಇಲ್ಲಿ ಬಹಳ ಜನ ಎಡವುತ್ತಾರೆ. ನಿಂತ ಗಾಡಿಯಲ್ಲಿ ಗೇಜ್ ತೋರಿಸುವುದು ಗ್ಯಾಸಿನ ಪ್ರಮಾಣವನ್ನಲ್ಲ, ಆ ಹೊತ್ತಿನ ಉಷ್ಣತೆಯನ್ನು. ಕೊಳವೆಯೊಳಗೆ ಸ್ವಲ್ಪವಾದರೂ ದ್ರವ ಉಳಿದಿರುವವರೆಗೆ, ನಾನೂರು ಗ್ರಾಂ ಇದ್ದರೂ ಅದರ ಅರ್ಧವೇ ಇದ್ದರೂ 30 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಅದೇ ಒತ್ತಡ ಬರುತ್ತದೆ. ಎಲ್‌ಪಿಜಿ ಸಿಲಿಂಡರ್ ಅರ್ಧ ಖಾಲಿಯಾದರೂ ಒಲೆಯ ಉರಿ ಕುಗ್ಗುವುದಿಲ್ಲವಲ್ಲ, ಹಾಗೆ. ಗ್ಯಾಸ್ ಪೂರ್ತಿ ಹೋಗಿಲ್ಲ ಎಂಬುದಷ್ಟೇ ಇದರಿಂದ ಖಾತ್ರಿ. ಸಾಕಷ್ಟಿದೆಯೇ ಎಂಬುದು ಕಂಪ್ರೆಸರ್ ಓಡುವಾಗಲೇ ತಿಳಿಯಬೇಕು.

ಬಿಸಿಲೇರಿದ ಮೇಲೆ ಇಂಜಿನ್ ಓಡಿಸಿ, ಬ್ಲೋವರ್ ಪೂರ್ತಿ ಇಟ್ಟು, ಆಕ್ಸಿಲರೇಟರನ್ನು ನಿಮಿಷಕ್ಕೆ ಸುಮಾರು 1,500 ಸುತ್ತಿನಲ್ಲಿ ಹಿಡಿದಿರಲು ಮಗನನ್ನು ಕೂರಿಸಿದೆ. ಹೊರಗೆ 38 ಡಿಗ್ರಿ. ನೀಲಿ ಮುಳ್ಳು 38 ಪಿಎಸ್‌ಐ, ಕೆಂಪು ಮುಳ್ಳು 230. ವೆಂಟಿನಲ್ಲಿ ಸಿಕ್ಕಿಸಿದ್ದ ಥರ್ಮಾಮೀಟರ್ 9 ಡಿಗ್ರಿಗೆ ಇಳಿಯಿತು. ಅಂಥ ಬಿಸಿಲಿಗೆ ಇದು ಒಳ್ಳೆಯ ಅಳತೆ. ಗ್ಯಾಸ್ ಕಡಿಮೆ ಇದ್ದಿದ್ದರೆ ಎರಡೂ ಮುಳ್ಳುಗಳು ಕೆಳಗೇ ಇರುತ್ತಿದ್ದವು, ಕಂಪ್ರೆಸರ್ ಕ್ಷಣಕ್ಕೊಮ್ಮೆ ಹಿಡಿದು ಬಿಡುತ್ತಿತ್ತು. ಹೆಚ್ಚಾಗಿದ್ದರೆ ಎರಡೂ ಮೇಲೆ. ಕೂಲಿಂಗ್ ಕಾಯಿಲ್ಲಿಗೆ ಗ್ಯಾಸನ್ನು ಅಳೆದು ಬಿಡುವ ಎಕ್ಸ್‌ಪಾನ್ಷನ್ ವಾಲ್ವ್ ಕಟ್ಟಿಕೊಂಡಿದ್ದರೆ ನೀಲಿ ಮುಳ್ಳು ಸೊನ್ನೆಯತ್ತ ಬಿದ್ದು ಇನ್ನೂ ಕೆಳಗಿಳಿಯುತ್ತಿತ್ತು. ಕಂಪ್ರೆಸರಿನ ಒಳಗಿನ ವಾಲ್ವುಗಳು ಸವೆದಿದ್ದರೆ ನೀಲಿ ಮೇಲೇರಿ, ಕೆಂಪು ಕೆಳಗಿಳಿದು, ಎರಡೂ ಹತ್ತಿರ ಹತ್ತಿರವೇ ತೂಗಾಡುತ್ತಿದ್ದವು. ನಮ್ಮ ಗಾಡಿಯಲ್ಲಿ ಇದ್ಯಾವುದೂ ಇರಲಿಲ್ಲ. ಹದಿನೈದು ಸಾವಿರ ಕೇಳಿದ್ದ ಕಂಪ್ರೆಸರ್ ಕಣ್ಣೆದುರೇ ಸರಿಯಾಗಿ ಒತ್ತುತ್ತಿತ್ತು.

ಹಾಗೇ ಓಡಲು ಬಿಟ್ಟೆವು. ಬಾನೆಟ್ಟನ್ನು ಅರ್ಧ ಇಳಿಸಿ ಒಳಗೆ ಕಾವು ಏರುವಂತೆ ಮಾಡಿದ್ದೆ. ಅರ್ಧ ಗಂಟೆಯ ಸುಮಾರಿಗೆ ವೆಂಟಿನ ಥರ್ಮಾಮೀಟರ್ ಏರತೊಡಗಿತು. ಗೇಜಿನಲ್ಲಿ ಕೆಂಪು ಮುಳ್ಳು ಇಳಿಯಿತು, ನೀಲಿ ಏರಿತು, ಎರಡೂ ಒಂದೇ ಅಂಕಿಗೆ ಬಂದು ಕೂತವು. ಎಂದರೆ ಕಂಪ್ರೆಸರ್ ತಿರುಗುವುದನ್ನೇ ನಿಲ್ಲಿಸಿದೆ. ಬೆಲ್ಟ್ ಓಡುತ್ತಿದೆ, ಪುಲ್ಲಿ ತಿರುಗುತ್ತಿದೆ, ಪುಲ್ಲಿಯ ಓಟವನ್ನು ಕಂಪ್ರೆಸರಿಗೆ ಕೊಡಬೇಕಾದ, ಅದರ ಮುಂದಿನ ಕ್ಲಚ್ ಪ್ಲೇಟ್ ಮಾತ್ರ ಸುಮ್ಮನೆ ನಿಂತಿದೆ.

ಇನ್ನೊಂದು ಗುಮಾನಿಯನ್ನೂ ಇಲ್ಲೇ ಬಗೆಹರಿಸಿಕೊಂಡೆ. ಸ್ವಲ್ಪ ಹೊತ್ತು ತಣ್ಣಗಿದ್ದು ಆಮೇಲೆ ಕೆಡುವ ಎಸಿಯಲ್ಲಿ ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುವುದೂ ಉಂಟು. ಹಾಗಾದಾಗ ವೆಂಟಿನಿಂದ ಬರುವ ಗಾಳಿಯೇ ಕ್ಷೀಣಿಸುತ್ತದೆ, ಏಕೆಂದರೆ ಗಡ್ಡೆ ದಾರಿ ಮುಚ್ಚಿರುತ್ತದೆ. ನಮ್ಮಲ್ಲಿ ಗಾಳಿಯ ರಭಸ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಗಾಳಿ ಬರುತ್ತಿತ್ತು, ತಂಪು ಬರುತ್ತಿರಲಿಲ್ಲ.

ಪ್ಲೇಟ್ ಹಿಡಿಯದಿರಲು ಕಾರಣ ಎರಡೇ. ಅದಕ್ಕೆ ಕರೆಂಟ್ ಬರುತ್ತಿಲ್ಲ, ಇಲ್ಲವೇ ಬಂದರೂ ಹಿಡಿಯಲು ಆಗುತ್ತಿಲ್ಲ. ಕರೆಂಟ್ ಬಾರದಿದ್ದರೆ ಹುಡುಕಾಟ ಉದ್ದ: ಫ್ಯೂಸ್, ರಿಲೇ, ಪ್ರೆಶರ್ ಸ್ವಿಚ್, ಉಷ್ಣತೆ ಅಳೆಯುವ ಸೆನ್ಸರ್, ಇಂಜಿನ್ನಿನ ಕಂಪ್ಯೂಟರ್, ಇವುಗಳ ನಡುವಿನ ತಂತಿಗಳು. ಇಂಜಿನ್ ಆರಿಸಿ, ಕ್ಲಚ್ಚಿನ ಕನೆಕ್ಟರಿನ ಹಿಂಬದಿಯಿಂದ ಮಲ್ಟಿಮೀಟರಿನ ಸೂಜಿ ತೂರಿಸಿ ಟೇಪಿನಿಂದ ಕಟ್ಟಿದೆ. ತಂತಿಯನ್ನು ಬೆಲ್ಟಿನಿಂದ ದೂರ ಇಟ್ಟು ಮತ್ತೆ ಶುರು ಮಾಡಿಸಿದೆ. ಮೀಟರಿನಲ್ಲಿ 13.8 ವೋಲ್ಟ್. ಪ್ಲೇಟ್ ನಿಂತೇ ಇದೆ. ಈ ಒಂದು ಅಂಕಿ ಅರ್ಧ ಕಾರನ್ನು ನಿರ್ದೋಷಿ ಮಾಡಿತು. ರಿಲೇಯಿಂದ ಕಂಪ್ಯೂಟರಿನವರೆಗೆ ಎಲ್ಲವೂ ತಮ್ಮ ಕೆಲಸ ಮಾಡುತ್ತಿವೆ, ರೋಗ ಇರುವುದು ಕ್ಲಚ್ಚಿನಲ್ಲೇ. ಎಸಿ ವಿಷಯದಲ್ಲಿ ಯಾರಾದರೂ ಒಂದೇ ಒಂದು ಪರೀಕ್ಷೆ ಹೇಳಿಕೊಡು ಎಂದರೆ ಇದನ್ನೇ ಹೇಳಿಕೊಡುತ್ತೇನೆ.

ಕ್ಲಚ್ಚಿನ ಒಳಗೆ ತಾಮ್ರದ ತಂತಿ ಸುತ್ತಿದ ಕಾಯಿಲ್ ಇದೆ. ಕರೆಂಟ್ ಹರಿದಾಗ ಅದು ಅಯಸ್ಕಾಂತವಾಗಿ ಮುಂದಿನ ಉಕ್ಕಿನ ಪ್ಲೇಟನ್ನು ಪುಲ್ಲಿಯ ಮುಖಕ್ಕೆ ಸೆಳೆದು ಕಚ್ಚಿಸುತ್ತದೆ. ಪ್ಲೇಟಿಗೂ ಪುಲ್ಲಿಗೂ ನಡುವೆ ಕೂದಲೆಳೆಯಷ್ಟು ಸಂದಿ ಇರುತ್ತದೆ. ನಮ್ಮ ಕಂಪ್ರೆಸರಿನ ಪುಸ್ತಕದ ಪ್ರಕಾರ ಅದು 0.3ರಿಂದ 0.6 ಮಿಲಿಮೀಟರ್. ವರ್ಷಗಟ್ಟಲೆ ಹಿಡಿದು ಬಿಟ್ಟು ಎರಡೂ ಮುಖಗಳು ಸವೆದಂತೆ ಈ ಸಂದಿ ದೊಡ್ಡದಾಗುತ್ತದೆ. ಸಂದಿ ಹಿಗ್ಗಿದಷ್ಟೂ ಕಾಯಿಲ್ಲಿನ ಸೆಳೆತ ತೀವ್ರವಾಗಿ ಕುಸಿಯುತ್ತದೆ.

ಬಿಸಿಯಾದಾಗಲೇ ಯಾಕೆ ಕೆಡುತ್ತದೆ ಎಂಬುದಕ್ಕೂ ಉತ್ತರ ತಾಮ್ರದಲ್ಲಿದೆ. ತಾಮ್ರದ ವಿದ್ಯುತ್ ರೋಧ ಒಂದೊಂದು ಡಿಗ್ರಿಗೂ ಶೇಕಡಾ 0.4ರಷ್ಟು ಏರುತ್ತದೆ. ತಣ್ಣಗಿದ್ದಾಗ ನಮ್ಮ ಕಾಯಿಲ್ 3.8 ಓಮ್ ತೋರಿಸಿತ್ತು. ಕೆಟ್ಟು ನಿಂತ ಕೂಡಲೇ ಇಂಜಿನ್ ಆರಿಸಿ, ಕನೆಕ್ಟರ್ ಬಿಚ್ಚಿ ಅಳೆದಾಗ 4.7. ಅದೇ 13.8 ವೋಲ್ಟಿಗೆ ಮೊದಲು 3.6 ಆಂಪಿಯರ್ ಹರಿಯುತ್ತಿದ್ದದ್ದು ಈಗ 2.9. ಸೆಳೆತ ಕರೆಂಟಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ಸುಮಾರು ಮೂರನೇ ಒಂದು ಪಾಲು ಬಲ ಹೋಯಿತು. ಸಂದಿ ಸರಿಯಿದ್ದರೆ ಉಳಿದ ಬಲ ಧಾರಾಳ ಸಾಕು. ಸಂದಿ ಹಿಗ್ಗಿದ್ದರೆ ಸಾಲದು. ಓಮ್‌ನ ನಿಯಮವನ್ನು ಎಷ್ಟು ವರ್ಷ ಕಪ್ಪು ಹಲಗೆಯ ಮೇಲೆ ಬರೆದಿದ್ದೇನೆ! ಅದು ನಮ್ಮಮ್ಮನಿಗೆ ತಂಪು ಗಾಳಿ ಕೊಡಿಸುವುದನ್ನು ಅಂದು ಕಂಡೆ. ಮೀಟರ್ ಹಿಡಿದು ಪಕ್ಕದಲ್ಲೇ ನಿಂತಿದ್ದ ಮಗನಿಗೆ ಆ ಲೆಕ್ಕವನ್ನು ಅಲ್ಲೇ ಬಾನೆಟ್ಟಿನ ಧೂಳಿನ ಮೇಲೆ ಬೆರಳಲ್ಲಿ ಬರೆದು ತೋರಿಸಿದೆ.

ಖಾತ್ರಿ ಮಾಡಿಕೊಳ್ಳಲು ಚಾಚಾ ಒಂದು ಉಪಾಯ ಹೇಳಿದರು. ಸಾಮಾನ್ಯವಾಗಿ ಕೆಟ್ಟು ನಿಂತ ಎಸಿ ಮತ್ತೆ ಹಿಡಿಯಲು ಬಹಳ ಹೊತ್ತು ಆರಬೇಕಿತ್ತು. ಈ ಸಲ ಇಂಜಿನ್ ಆರಿಸಿ, ಕ್ಲಚ್ಚಿನ ಮುಖದ ಮೇಲೆ ಒಂದು ಚೊಂಬು ನೀರನ್ನು ನಿಧಾನಕ್ಕೆ ಬಿಟ್ಟು, ಎರಡು ನಿಮಿಷ ಕಳೆದು ಶುರು ಮಾಡಿದೆವು. ಟಕ್ ಎಂದು ಪ್ಲೇಟ್ ಹಿಡಿಯಿತು. ಓಡುತ್ತಿರುವಾಗಲೇ ಕೋಲಿನಿಂದ ಪ್ಲೇಟನ್ನು ಒತ್ತಿ ನೋಡುವವರೂ ಇದ್ದಾರೆ. ತಿರುಗುವ ಬೆಲ್ಟಿನ ಪಕ್ಕ ಕೈ ತರುವ ಕೆಲಸ ಅದು. ಯಾರೂ ಮಾಡಬಾರದು, ಪಕ್ಕದಲ್ಲಿ ಮಕ್ಕಳಿದ್ದಾಗಲಂತೂ ಮಾಡಲೇಬಾರದು.

ಮರುದಿನ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಕೆಲಸಕ್ಕೆ ಕೂತೆವು. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಚಕ್ರ ಕಳಚಿ, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿದೆವು. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದು. ಚಕ್ರದ ಹಿಂದಿನ ಪ್ಲಾಸ್ಟಿಕ್ ತೆಗೆದರೆ ಕಂಪ್ರೆಸರಿನ ಮುಖ ನೇರ ಕಾಣುತ್ತದೆ. ಸಂದಿ ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜನ್ನು ಒಳಗೆ ತೂರಿಸಿ ಸುತ್ತಲೂ ಮೂರು ಕಡೆ ಅಳೆದೆ. ಎಲ್ಲಾ ಕಡೆ ಹೆಚ್ಚುಕಡಿಮೆ 0.9 ಮಿಲಿಮೀಟರ್. ಇರಬೇಕಾದ ಗರಿಷ್ಠಕ್ಕಿಂತ ಒಂದೂವರೆ ಪಟ್ಟು.

ಪ್ಲೇಟ್ ತಿರುಗದಂತೆ ಹಿಡಿದು ನಡುವಿನ ಬೋಲ್ಟ್ ಬಿಚ್ಚಬೇಕು. ಗ್ಯಾಸಿನ ಕೊಳವೆ ಒಂದನ್ನೂ ಮುಟ್ಟಬೇಕಿಲ್ಲ, ಕ್ಲಚ್ ಇರುವುದು ಅದರ ಹೊರಗೆ. ಪ್ಲೇಟ್ ಹತ್ತು ವರ್ಷದ ತುಕ್ಕಿನಿಂದ ಶಾಫ್ಟಿನ ಹಲ್ಲುಗಳಿಗೆ ಕಚ್ಚಿಕೊಂಡಿತ್ತು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಸೊಟ್ಟಗಾಗುತ್ತದೆ. ಚಾಚಾ ಪ್ಲೇಟಿನ ನಡುವಿನ ತೂತಿನ ಥ್ರೆಡ್ಡುಗಳಿಗೆ ಹೊಂದುವ ದೊಡ್ಡ ಬೋಲ್ಟ್ ಹುಡುಕಿ ತಂದು ಅದನ್ನೇ ತಿರುವುತ್ತಾ ಹೋದರು. ಅದರ ತುದಿ ಶಾಫ್ಟಿಗೆ ಒತ್ತಿ ಪ್ಲೇಟ್ ತಾನಾಗಿ ಹೊರಬಂತು. ಒಳಗೆ ಶಾಫ್ಟಿನ ಮೇಲೆ ಎರಡು ತೆಳು ವಾಷರ್. ಶಿಮ್ ಎನ್ನುವುದು ಇವನ್ನೇ. ವರ್ನಿಯರ್ ಇಟ್ಟು ನೋಡಿದರೆ ಒಂದು 0.5, ಇನ್ನೊಂದು 0.3 ಮಿಲಿಮೀಟರ್. ದಪ್ಪನೆಯದನ್ನು ತೆಗೆದರೆ ಸಂದಿ 0.4ಕ್ಕೆ ಇಳಿಯಬೇಕು.

ಎರಡೂ ಮುಖಗಳ ಮೇಲಿನ ತುಕ್ಕು, ಅದಿರಿನ ಪುಡಿಯನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ ಒಣ ಬಟ್ಟೆಯಲ್ಲಿ ಒರೆಸಿದೆವು. ಎಣ್ಣೆ, ಗ್ರೀಸ್ ಹತ್ತಿರ ಸುಳಿಯಬಾರದು, ಒಂದು ಹನಿ ಬಿದ್ದರೂ ಕ್ಲಚ್ ಜಾರುತ್ತದೆ. ಪುಲ್ಲಿಯ ಬೇರಿಂಗನ್ನು ಕೈಯಲ್ಲಿ ತಿರುಗಿಸಿ ನೋಡಲು ಇದೇ ಸಮಯ, ಬೆಲ್ಟ್ ಸಡಿಲಿಸಿ ನೋಡಿದೆ. ಸದ್ದಿರಲಿಲ್ಲ, ಅಲ್ಲಾಡುತ್ತಿರಲಿಲ್ಲ. ಪ್ಲೇಟ್ ಕೂರಿಸಿ, ಬೋಲ್ಟನ್ನು ಪುಸ್ತಕ ಹೇಳಿದಷ್ಟೇ ಬಿಗಿದು ಮತ್ತೆ ಅಳೆದಾಗ 0.4. ಕೈಯಲ್ಲಿ ತಿರುಗಿಸಿದರೆ ಪ್ಲೇಟ್ ಎಲ್ಲೂ ಪುಲ್ಲಿಗೆ ಉಜ್ಜುತ್ತಿರಲಿಲ್ಲ. ಇದನ್ನು ನೋಡಿಕೊಳ್ಳಲೇಬೇಕು. ಸಂದಿ ತೀರಾ ಕಡಿಮೆಯಾದರೆ ಎಸಿ ಆರಿಸಿದ್ದಾಗಲೂ ಉಜ್ಜಿ ಉಜ್ಜಿ ಕಾಯಿಲ್ಲನ್ನೇ ಸುಡುತ್ತದೆ. ಬೆಲ್ಟನ್ನು ಮೊದಲಿನಷ್ಟೇ ಬಿಗಿ ಮಾಡಿ ಚಕ್ರ ಹಾಕಿದೆವು.

ಅದೇ ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಗಂಟೆಗೂ ಮೇಲ್ಪಟ್ಟು ನಿಂತಲ್ಲೇ ಓಡಿಸಿದೆವು. ಮುಳ್ಳುಗಳು ಅಲುಗಲಿಲ್ಲ. ಹೊಸಪೇಟೆಯ ದಾರಿಯಲ್ಲಿ ತೋರಣಗಲ್ಲು ಬಂತು, ಹೋಯಿತು. ವೆಂಟಿನಲ್ಲಿ 8 ಡಿಗ್ರಿ. ಅಮ್ಮ ಹಿಂದಿನ ಸೀಟಿನಿಂದ, "ಸ್ವಲ್ಪ ಕಮ್ಮಿ ಮಾಡಪ್ಪ, ಚಳಿ ಆಗ್ತೈತಿ" ಎಂದಳು. ಆ ಮಾತು ಕೇಳಿ ನನಗಾದ ಸಂತೋಷವನ್ನು ಚಾಚಾಗೆ ಫೋನ್ ಮಾಡಿ ಹೇಳದೆ ಇರಲಾಗಲಿಲ್ಲ.

ಗ್ಯಾಸಿಗೆ ಸಂಬಂಧಿಸಿದ ಕೆಲಸವೇ ಬಂದಿದ್ದರೆ ನಾನು ಮನೆಯಲ್ಲಿ ಕೈ ಹಾಕುತ್ತಿರಲಿಲ್ಲ. ಸೋರಿಕೆ ಮುಚ್ಚಿ, ಪಂಪಿನಿಂದ ವ್ಯಾಕ್ಯೂಮ್ ಎಳೆದು ಒಳಗಿನ ಗಾಳಿ, ತೇವ ತೆಗೆದು, ಬಾನೆಟ್ಟಿನ ಚೀಟಿಯಲ್ಲಿ ಬರೆದಷ್ಟೇ ಗ್ರಾಂ ತೂಗಿ ತುಂಬಬೇಕು. ಇದಕ್ಕೆ ಯಂತ್ರ ಬೇಕು. ಹಳೆಯ ಗ್ಯಾಸನ್ನು ಗಾಳಿಗೆ ಬಿಡುವುದಂತೂ ಕೂಡದು. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಆರ್-134ಎ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿನ ಸಾವಿರದ ಮುನ್ನೂರು ಪಟ್ಟಿಗೂ ಹೆಚ್ಚು. ಬಳ್ಳಾರಿಯ ಬಿಸಿಲಿಗೆ ನಮ್ಮ ಕೊಡುಗೆ ಬೇಕಿಲ್ಲ. ಗ್ಯಾರೇಜಿಗೆ ಹೋಗುವುದಾದರೆ ಕೇಳಬೇಕಾದ್ದು ಇಷ್ಟು: ಗೇಜಿನಲ್ಲಿ ಎಷ್ಟು ಬಂತು, ಸೋರಿಕೆ ಎಲ್ಲಿ ಸಿಕ್ಕಿತು, ಎಷ್ಟು ಗ್ರಾಂ ತುಂಬಿದಿರಿ. ಸರಿಯಾಗಿ ಕೆಲಸ ಮಾಡುವವರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ.

ಇದಾದ ಮೇಲೆ ಪಕ್ಕದ ಮನೆಯವರು ತಮ್ಮ ಕಾರು ತಂದು ನಿಲ್ಲಿಸಿದರು. ಅವರಿಗೂ ಗ್ಯಾಸ್ ಎಂದೇ ಹೇಳಿದ್ದರು. ಅವರದ್ದು ಬೇರೆ ಲಕ್ಷಣ: ಹೈವೇಯಲ್ಲಿ ತಣ್ಣಗೆ, ಸಿಗ್ನಲ್ಲಿನಲ್ಲಿ ನಿಂತರೆ ಬಿಸಿ. ಓಡುವಾಗ ಕಂಡೆನ್ಸರಿಗೆ ಎದುರುಗಾಳಿ ಸಿಗುತ್ತದೆ, ನಿಂತಾಗ ಫ್ಯಾನ್ ಒಂದೇ ಗತಿ. ಎಸಿ ಹಾಕಿ ನೋಡಿದರೆ ಅವರ ಫ್ಯಾನ್ ತಿರುಗುತ್ತಿರಲಿಲ್ಲ. ಕನೆಕ್ಟರ್ ಎಳೆದಾಗ ಒಂದು ಪಿನ್ ಸುಟ್ಟು ಕಪ್ಪಾಗಿತ್ತು, ಪ್ಲಾಸ್ಟಿಕ್ ಕರಗಿತ್ತು. ಚಾಚಾ ಹೊಸ ಕನೆಕ್ಟರ್ ಬೆಸೆದು, ಫ್ಯಾನ್ ಮೋಟರ್ ಎಷ್ಟು ಆಂಪಿಯರ್ ಎಳೆಯುತ್ತಿದೆ ಎಂದೂ ಅಳೆದು ನೋಡಿ, ಬೇರಿಂಗ್ ಬಿಗಿಯಾಗಿ ಹೆಚ್ಚು ಎಳೆಯುತ್ತಿದ್ದುದರಿಂದ ಮೋಟರನ್ನೂ ಬದಲಿಸಲು ಹೇಳಿದರು. ಬರೀ ಕನೆಕ್ಟರ್ ಹಾಕಿದ್ದರೆ ಅದೂ ಸುಡುತ್ತಿತ್ತು.